ಭಾವ ಒಬ್ಬರೇ ಹಾಕುವ ಬಾನೆಟ್

ನಮ್ಮ ಭಾವನ ಕಾರಿಗೆ ಬ್ರೇಕ್ ಹೇಗೋ ಹಿಡಿಯುತ್ತದೆ, ಅವರ ಬಡಾಯಿಗೆ ಮಾತ್ರ ಹಿಡಿಯುವುದಿಲ್ಲ. ಇಪ್ಪತ್ತೆಂಟು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ಸರಿಸಿದ ಗುಮಾಸ್ತರು ಅವರು. ಭಾನುವಾರ ಬಂತೆಂದರೆ ಖಾಕಿ ಅಂಗಿ ತೊಟ್ಟು, ತಾವು ಹುಟ್ಟುವುದಕ್ಕೂ ಮೊದಲು ತಯಾರಾದ ಆ ಕಾರಿನ ಮುಂದೆ ಮಹಾ ಮೆಕ್ಯಾನಿಕ್ ಆಗಿಬಿಡುತ್ತಾರೆ. ಮಹಡಿಯ ಕೋಣೆಯಲ್ಲಿರುವ ನಾದಿನಿ ನಾನು. ನನಗೆ ಈ ನಾಟಕ ಪ್ರತಿ ವಾರ ಪುಕ್ಕಟೆ.

ಬಾನೆಟ್ ಬಿಚ್ಚುವುದು ಇಬ್ಬರ ಕೆಲಸ. ಎರಡು ಕೀಲು, ಕೀಲಿಗೆರಡು ಬೋಲ್ಟು. ಮೊದಲು ಕೀಲಿನ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಬೇಕು, ತಿರುಗಿ ಹಾಕುವಾಗ ಅದೇ ಗೆರೆಯೊಳಗೆ ಕೂರಿಸಬೇಕು. ಒಬ್ಬರು ಬೋಲ್ಟು ತಿರುಗಿಸುವಷ್ಟು ಹೊತ್ತೂ ಇನ್ನೊಬ್ಬರು ಆ ಭಾರಕ್ಕೆ ಹೆಗಲು ಕೊಟ್ಟು ಅಲ್ಲಾಡದೆ ನಿಲ್ಲಬೇಕು. ಆ ಇನ್ನೊಬ್ಬರು ನಮ್ಮಕ್ಕ. ಮದುವೆಯಾದಾಗಿನಿಂದ ತುಟಿ ಪಿಟಕ್ಕೆನ್ನದೆ ನಿಂತಿದ್ದಾಳೆ.

ಹಳೇ ಕಾರುಗಳ ಸಂಘದವರು ಬಂದಾಗ ಭಾವ ಹೇಳುವುದು ಬೇರೆ. "ನಾನೊಬ್ಬನೇ ಬಿಚ್ತೀನಿ, ನಾನೊಬ್ಬನೇ ಹಾಕ್ತೀನಿ ಸಾರ್."

ಒಮ್ಮೆ ಅಕ್ಕ ಕೇಳಿಯೇಬಿಟ್ಟಳು. "ನಾನೂ ಹಿಡ್ಕೊಂಡಿದ್ದೆ ಅಂತ ಅವರ ಮುಂದೆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಹಿಡ್ಕೊಳ್ಳೋದೂ ಒಂದು ಕೆಲಸವೇನೇ?" ಎಂದರು ಭಾವ. ಕಡತ ಹಿಡಿದೇ ಸಂಬಳ ತಿಂದವರು ಆಡುವ ಮಾತು ಇದು.

ಎಡಗಡೆಯ ಕೀಲು ಯಾವ ಕಾಲದಲ್ಲೋ ಬಾಗಿದೆ. ಅಲ್ಲಿ ವಾಷರ್ ಎನ್ನುವ ತೆಳ್ಳನೆಯ ತೂತಿನ ಬಿಲ್ಲೆ ಒಂದು ಹೆಚ್ಚಿಗೆ ಇಲ್ಲದಿದ್ದರೆ ಬಾನೆಟ್ಟಿನ ಮೂಲೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ಅದನ್ನು ಕಂಡುಹಿಡಿದವಳು ಅಕ್ಕ. ಬಿಚ್ಚಿದಾಗ ಬೆಂಕಿಪೊಟ್ಟಣದಲ್ಲಿ ಎತ್ತಿಡುತ್ತಾಳೆ, ಹಾಕುವಾಗ ಭಾವ ಬೋಲ್ಟು ಹುಡುಕುವಷ್ಟರಲ್ಲಿ ತಾನೇ ಸೇರಿಸುತ್ತಾಳೆ. ಮಹಾ ಮೆಕ್ಯಾನಿಕ್‌ಗೆ ಇದರ ಗಂಧಗಾಳಿ ಇಲ್ಲ.

ಈ ವರ್ಷ ಹಳೇ ಕಾರುಗಳ ಮೆರವಣಿಗೆಯಲ್ಲಿ ಭಾವನ ಗಾಡಿಗೆ ಮೊದಲ ಜಾಗ ಸಿಕ್ಕಿತ್ತು. ವರ್ಷವಿಡೀ ಅದೇ ಜಪ. ಒಳಮೈಗೆ ಬಣ್ಣ ಹೊಡೆಯಲು ಬಾನೆಟ್ ಬಿಚ್ಚಿಟ್ಟಿದ್ದರು. ಮೆರವಣಿಗೆಯ ಹಿಂದಿನ ದಿನ ಸಂಘದ ಅಧ್ಯಕ್ಷರು ಇನ್ನಿಬ್ಬರನ್ನು ಕಟ್ಟಿಕೊಂಡು ಬಂದರು. "ಒಬ್ಬರೇ ಹೇಗೆ ಹಾಕ್ತೀರಿ, ಇವತ್ತು ನೋಡೇಬಿಡೋಣ ಅಂತ ಬಂದ್ವಿ."

ಭಾವ ಎತ್ತಿದರು. ಬಾನೆಟ್ ಒಂದು ಕಡೆಗೆ ವಾಲಿತು. ಅಧ್ಯಕ್ಷರು ಓಡಿಬಂದು ಇನ್ನೊಂದು ತುದಿ ಹಿಡಿದರು. "ಸುಮ್ನೆ ಬೆರಳು ತಾಗಿಸಿ ಸಾಕು" ಎಂದರು ನಮ್ಮ ಪೈಲ್ವಾನರು, ಏದುಸಿರು ಬಿಡುತ್ತ. ಗೆರೆಗೆ ಸರಿಯಾಗಿ ಕೂರಿಸಿದರೂ ಮುಚ್ಚಿದಾಗ ಎಡಮೂಲೆ ಕಿರ್ ಎಂದಿತು. ಮೂರು ಸಲ ಬಿಚ್ಚಿದರು, ಮೂರು ಸಲವೂ ಕಿರ್. ಮಡ್‌ಗಾರ್ಡಿನ ಬಣ್ಣ ಎದ್ದುಬಂತು. ಕೊನೆಗೆ ಬಾನೆಟ್ಟನ್ನು ಗೋಡೆಗೆ ಒರಗಿಸಿ, ನೀರು ಕುಡಿಯುವ ನೆಪ ಹೇಳಿ ಭಾವ ಅಡುಗೆಮನೆಗೆ ಬಂದರು. ಅಕ್ಕನೂ ನಾನೂ ಅಲ್ಲಿನ ಕಿಟಕಿಯಿಂದ ಎಲ್ಲ ನೋಡುತ್ತಿದ್ದೆವು.

"ಬಾರೇ. ನೀನಿದ್ರೆ ಅದು ಸರಿಯಾಗಿ ಕೂರುತ್ತೆ. ಹಿಂದಿನ ಬಾಗಿಲಿಂದ ಬಾ, ಏನೋ ಕೇಳೋಕೆ ಬಂದವಳ ಥರ."

"ಅವರ ಮುಂದೆ ಕರೀರಿ, ಬರ್ತೀನಿ" ಎಂದಳು ಅಕ್ಕ. ಅವಳ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು.

ಒಂದು ಮಾತು. ಅಷ್ಟೇ ಬೇಕಾಗಿದ್ದದ್ದು. ಭಾವ ಹೊರಗೆ ಹೋಗಿ ಗಂಟಲು ಸರಿಮಾಡಿಕೊಂಡರು. "ಈ ವರ್ಷ ಗಾಡಿ ತರಲ್ಲ ಸಾರ್. ಇಂಜಿನ್ ಯಾಕೋ ಸರಿಯಿಲ್ಲ." ಪಾಪ, ಇಂಜಿನ್ ಏನು ಮಾಡಿತ್ತು? ನನಗೆ ಮೈಯೆಲ್ಲ ಉರಿಯಿತು.

ಬಂದವರು ಗೇಟು ದಾಟಿದ ಕೂಡಲೇ ಭಾವ ಅಂಗಳದಿಂದ ಕೂಗಿದರು. "ಈಗ ಬಾರೇ, ಯಾರೂ ಇಲ್ಲ."

ಅಕ್ಕ ಹೋದಳು. ಎಂದಿನಂತೆ ಹೆಗಲು ಕೊಡುತ್ತಾಳೆ ಅಂದುಕೊಂಡೆ. ಅವಳು ವಾಷರ್ ತೆಗೆದು ಮಡ್‌ಗಾರ್ಡಿನ ಮೇಲಿಟ್ಟಳು. "ಎಡಗಡೆ ಕೀಲಿಗೆ ಇದೊಂದು ಹೆಚ್ಚಿಗೆ ಬೇಕು. ಇಷ್ಟು ವರ್ಷ ನಾನೇ ಹಾಕ್ತಿದ್ದೆ. ಇನ್ಮೇಲೆ ನೀವೊಬ್ರೇ ಹಾಕ್ಕೊಳ್ಳಿ." ಅಷ್ಟು ಹೇಳಿ ಒಳಗೆ ಬಂದಳು.

ಮಾರನೇ ದಿನ ಮೆರವಣಿಗೆ ನಮ್ಮ ಬೀದಿಯ ತುದಿಯಲ್ಲೇ ಹಾದುಹೋಯಿತು. ತಿಂಗಳಾಯಿತು, ಬಾನೆಟ್ ಇನ್ನೂ ಗೋಡೆಗೆ ಒರಗಿಕೊಂಡಿದೆ. ಸಂಜೆ ಹೊತ್ತು ಭಾವ ಅದರ ಒಂದು ತುದಿ ಎತ್ತುತ್ತಾರೆ, ಅಡುಗೆಮನೆಯ ಕಿಟಕಿಯತ್ತ ನೋಡುತ್ತಾರೆ, ಇಳಿಸುತ್ತಾರೆ.