ಮಾಫಿ ಎಂದ ಫೋನು

ಹುಡುಗಿ ಸಿಕ್ಕಿದಳು, ಪಾಸೂ ಆದಳು! ಈಗ ನೆನೆದರೂ ನನಗೆ ಕುಣಿಯುವಷ್ಟು ಖುಷಿ.

ದೋಹಾದಲ್ಲಿ ನನ್ನ ಮಗನ ಮನೆಯ ಕೆಳಮಹಡಿಯಲ್ಲಿದ್ದ ಟೀಚರಮ್ಮ ಗೆಳತಿಯರೊಂದಿಗೆ ಸೇರಿ ಸುಡಾನಿನ ಬಡ ಹುಡುಗಿಯರನ್ನು ಫೀಸು ಕಳಿಸಿ ಓದಿಸುತ್ತಿದ್ದರು. ಅಲ್ಲಿನ ಶಾಲೆಗೆ ಫೋನ್ ಮಾಡುವಾಗ ಸೆರಗನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುವರು. ಅರಬ್ಬಿಯಲ್ಲಿ ಕೇಳುವ ಮೊದಲ ಮಾತಿನ ಅರ್ಥ ನನಗೂ ಹೇಳಿದ್ದರು: “ಹುಡುಗಿ ಕ್ಲಾಸಲ್ಲಿ ಇದ್ದಾಳಲ್ಲ?”

ಒಂದು ಬೆಳಿಗ್ಗೆ ಒಬ್ಬಳ ಬಗ್ಗೆ ಹಾಗೆ ಕೇಳಿದಾಗ ಸ್ಪೀಕರಿನಲ್ಲಿ ಆಚೆಯಿಂದ “ಮಾಫಿ” ಎಂದರು. ಫೀಸು ಮಾಫಿಯಾಯಿತೆಂದು ನಾನು ಚಪ್ಪಾಳೆ ತಟ್ಟಿದೆ.

“ಅಯ್ಯೋ ಅಮ್ಮಾ,” ಎಂದರು ಟೀಚರಮ್ಮ, “ಮಾಫಿ ಅಂದ್ರೆ ಇಲ್ಲ ಅಂತ! ಹುಡುಗಿ ಕಾಣ್ತಾ ಇಲ್ವಂತೆ. ಮದುವೆ ಮಾಡಿ ಕಳಿಸಿದ್ರೋ ಏನೋ.”

ಸೆರಗು ಸುತ್ತಿದ ಅವರ ಬೆರಳು ನೀಲಿಗಟ್ಟಿತ್ತು. ನನಗೂ ಹಾಗೇ ಶಾಲೆ ಬಿಡಿಸಿ ಮದುವೆ ಮಾಡಿದ್ದರು.

ಮಧ್ಯಾಹ್ನ ಮತ್ತೆ ಫೋನು ಬಂತು. ಅವಳು ರಿಸಲ್ಟ್ ನೋಡಲು ಪೇಟೆಗೆ ಹೋಗಿದ್ದಳಂತೆ!

ಸಂಜೆ ಟೀಚರಮ್ಮನನ್ನೂ ಕೂರಿಸಿಕೊಂಡು ಮನೆಮಂದಿಯೆಲ್ಲ ಉಣ್ಣುವಾಗ ಅವರು ನಕ್ಕರು: “ಅಮ್ಮಾ, ನಾಳೆಯಿಂದ ನಿಮಗೆ ಅರಬ್ಬಿ ಹೇಳಿಕೊಡ್ತೀನಿ, ನೀವೂ ಕ್ಲಾಸಲ್ಲಿ ಇರ್ತೀರಲ್ಲ?”