ಗ್ರೀಕ್ ಪಾಠದಲ್ಲಿ ನಾನು ಕತ್ತರಿಸಿದ್ದು

2023ರಲ್ಲಿ ನಾನು ನಾಶಿಕದ ಅಂಬಡ್‌ನಲ್ಲಿ ಒಂದು ಸಣ್ಣ ಸ್ಟುಡಿಯೊದ ವಿಡಿಯೊ ಎಡಿಟರ್ ಆಗಿದ್ದೆ. ಭಾಲ್ಕಿಯಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದವನು. ಆಯುಷ್ಯದ ಬಹುಭಾಗ ಮದುವೆ ವಿಡಿಯೊಗಳಲ್ಲೇ ಕಳೆದಿತ್ತು. ಆ ವರ್ಷ ಬಂದ ಕೆಲಸವೆಂದರೆ ಪ್ರಾಚೀನ ಗ್ರೀಕ್ ಭಾಷೆಯ ಪಾಠಗಳು.

ಪಾಠ ಹೇಳುವವರು ಬೀದರಿನ ಸುಗುಣಾ ಅಕ್ಕೋರು. ಛತ್ರಪತಿ ಸಂಭಾಜಿನಗರದ ಒಂದು ಕ್ರೈಸ್ತ ಧರ್ಮಶಾಸ್ತ್ರ ಕಾಲೇಜಿನಲ್ಲಿ, ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಮೂಲದಲ್ಲಿ ಓದಲೆಂದು ಗ್ರೀಕ್ ಕಲಿಸುತ್ತಿದ್ದರು. ಕಲಿಯುವವರು ಕಡಿಮೆಯಾಗಿ ಆ ವಿಷಯವನ್ನೇ ಕೈಬಿಡುವ ಮಾತು ನಡೆದಿತ್ತು. ಹುಡುಗರು ಪಾಠದ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ಕಲಿತು ಪಾಸಾದರೆ ಮುಂದುವರಿಸೋಣ ಎಂದು ಪ್ರಿನ್ಸಿಪಾಲರು ಒಂದೇ ಒಂದು ಅವಕಾಶ ಕೊಟ್ಟಿದ್ದರು. ಅದಕ್ಕಾಗಿ ಅಕ್ಕೋರು ಪ್ರತಿ ಶನಿವಾರ ಅದೇ ಊರಿನ ಚಿಕಲಠಾಣಾದ ಮನೆಯಿಂದ ನಮ್ಮ ಸ್ಟುಡಿಯೊಗೆ ಬಸ್ಸಿನಲ್ಲಿ ಬರುತ್ತಿದ್ದರು.

ಪಾಠ ಶುರುವಾದದ್ದೇ ಕ್ರಿಯಾಪದದಿಂದ. 'ಲೂಓ' ಎಂದರೆ ಬಿಚ್ಚುತ್ತೇನೆ.

"ನಮ್ಮ ಕನ್ನಡದಂಗೇ ಅದ ನೋಡ್ರಿ ರೇವಣಪ್ಪ. 'ಬಿಚ್ಚತೀನಿ' ಅಂದ್ರ ಸಾಕು, 'ನಾನು' ಅನ್ನೋದು ಬ್ಯಾಡ. ಬಾಲ ನೋಡಿದ್ರ ಯಾರು ಅಂತ ತಿಳೀತದ."

ಲೂಓ, ಲೂಎಯ್ಸ್, ಲೂಎಯ್: ನಾನು, ನೀನು, ಅವನು. ಪದದ ಮೊದಲಿಗೆ 'ಎ' ಸೇರಿ 'ಎಲೂಒನ್' ಆದರೆ ಬಿಚ್ಚುತ್ತಿದ್ದೆ. 'ಲೂಒಮಾಯ್' ಎಂದರೆ ತನಗಾಗಿ ಬಿಚ್ಚಿಕೊಳ್ಳುವುದು. ಕೆಲಸ ಇನ್ನೂ ನಡೆದಿದೆಯೋ, ಒಮ್ಮೆಗೇ ಆಗಿಹೋಯಿತೋ, ಮುಗಿದು ಫಲ ಉಳಿದಿದೆಯೋ, ಅದಕ್ಕೂ ಬೇರೆ ಬೇರೆ ರೂಪ. ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು.

"ನಿಮ್ಮ ಮಷೀನ್ ಕಲೀತದ, ನೀವು ಕಲಿಯಂಗಿಲ್ಲ ಬಿಡ್ರಿ," ಎಂದು ಅಕ್ಕೋರು ನಗುತ್ತಿದ್ದರು.

ಪ್ರತಿ ಪ್ರಶ್ನೆಯ ನಂತರ ಅವರು ಕ್ಯಾಮೆರಾ ನೋಡುತ್ತ ಸುಮ್ಮನೆ ನಿಲ್ಲುತ್ತಿದ್ದರು. ಹುಡುಗ ಯೋಚಿಸಿ, ತಾನೇ ಬಾಯಿಬಿಟ್ಟು ಹೇಳಲಿ ಎಂದು. ಆಮೇಲೆಯೇ ಉತ್ತರ. ನನಗೆ ಅದು ಬರೀ ಖಾಲಿ ಜಾಗ. ಮದುವೆ ವಿಡಿಯೊದಲ್ಲಿ ಏನೂ ನಡೆಯದ ಜಾಗವನ್ನು ಉಳಿಸುವುದಿಲ್ಲ. ಸದ್ದಿಲ್ಲದ ಭಾಗಗಳನ್ನು ತಾನೇ ತೆಗೆಯುವ ಒಂದು ಬಟನ್ ಸಾಫ್ಟ್‌ವೇರಿನಲ್ಲಿತ್ತು. ಒತ್ತಿದೆ. ಪಾಠ ಅರ್ಧಕ್ಕಿಳಿಯಿತು. ಸ್ಟುಡಿಯೊದ ಶೇಠ್ ಮೆಚ್ಚಿದ. ಅಕ್ಕೋರನ್ನು ಕೇಳಲಿಲ್ಲ, ಹೇಳಲೂ ಇಲ್ಲ. "ನನ್ನ ಮಾರಿ ನಾನೇನ್ ನೋಡ್ಲಿ" ಎಂದು ಅವರು ತಮ್ಮ ವಿಡಿಯೊ ನೋಡುತ್ತಲೇ ಇರಲಿಲ್ಲ.

ಕೆಲವು ವಾರಗಳ ನಂತರ ಸಪ್ಪೆ ಮುಖ ಮಾಡಿಕೊಂಡು ಬಂದರು.

"ಮೇಡಂ ರೈಲ್ ಓಡಿಸ್ತಾರ ಅಂತಾವ ಹುಡುಗ್ರು. ನಾ ಅಷ್ಟು ಜಲ್ದಿ ಮಾತಾಡ್ತೀನೇನ್ರಿ?"

ಕಾರಣ ಆ ಕ್ಷಣವೇ ನನಗೆ ಹೊಳೆಯಿತು. ಹೇಳಿದರೆ ಎಲ್ಲ ಪಾಠ ಮತ್ತೆ ಮಾಡಬೇಕು, ಶೇಠ್‌ನ ಬೈಗುಳ ಬೇರೆ. "ಸ್ವಲ್ಪ ಜಲ್ದಿನೇ ಅದರಿ ಅಕ್ಕೋರ," ಎಂದೆ.

ಅವರು ನಂಬಿದರು. ಮುಂದಿನ ಪಾಠಗಳಲ್ಲಿ ಪ್ರಶ್ನೆ ಕೇಳಿ ಇನ್ನೂ ಹೆಚ್ಚು ಹೊತ್ತು ನಿಂತರು. ಒಂದು ಮಾತು ಅವಸರವೆನಿಸಿದರೂ ಮತ್ತೊಂದು ಟೇಕ್ ಕೇಳಿದರು. ನಾನು ಬೇಸರದಿಂದ ಗೊಣಗುತ್ತಿದ್ದೆ. ಅಲ್ಲಿಂದಾದರೂ ಬಟನ್ ಒತ್ತದೆ ಬಿಡಬಹುದಿತ್ತು. ಆದರೆ ಹಳೆಯ ಪಾಠಕ್ಕೂ ಹೊಸದಕ್ಕೂ ವ್ಯತ್ಯಾಸ ಕಂಡರೆ ನನ್ನ ಸುಳ್ಳು ಸಿಕ್ಕಿಬೀಳುತ್ತಿತ್ತು. ವಾರವಾರವೂ ಒತ್ತಿದೆ.

ಪರೀಕ್ಷೆಯಲ್ಲಿ ಹೆಚ್ಚಿನವರು ಫೇಲಾದರು. ಕಾಲೇಜು ಗ್ರೀಕ್ ಕೈಬಿಟ್ಟಿತು. ಅಕ್ಕೋರು ಫೋನ್ ಮಾಡಿ, "ಮುಗೀತ್ರಿ. ವಯಸ್ಸಾತು, ಕಲಿಸೋದು ಬರವಲ್ದು ನನಗ," ಎಂದರು.

ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಭಾನುವಾರ ಚಿಕಲಠಾಣಾಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ: "ಕತ್ತರಿಸದ ವಿಡಿಯೊ ಅದಾವೇನ್ರಿ?"

"ಇಲ್ರಿ. ಡಿಸ್ಕ್ ತುಂಬಿತ್ತಂತ ಅಳಿಸೀನಿ."

ಬೈಯಲಿಲ್ಲ. ಫೋನ್ ಹಚ್ಚಿ ನನ್ನ ಕೈಗಿತ್ತರು. "ನನಗ ಹೇಳಿ ಏನ್ ಮಾಡ್ತೀರಿ? ಪ್ರಿನ್ಸಿಪಾಲರಿಗೆ ಹೇಳ್ರಿ."

ಮರಾಠಿಯಲ್ಲಿ ತಡವರಿಸುತ್ತ ಹೇಳಿದೆ. ಪ್ರಿನ್ಸಿಪಾಲರು ಶಾಂತವಾಗಿ ಕೇಳಿ, ಹುಡುಗರು ಬೇರೆ ವಿಷಯ ತೆಗೆದುಕೊಂಡಾಗಿದೆ, ಇದನ್ನು ಪರೀಕ್ಷೆಗೆ ಮೊದಲು ಹೇಳಬೇಕಿತ್ತು ಎಂದರು. ಅಕ್ಕೋರು ಫೋನ್ ತಿರುಗಿ ತೆಗೆದುಕೊಂಡರು. "ನಿಮ್ಮ ಬಸ್ಸಿಗೆ ಹೊತ್ತಾಗ್ಯಾದ, ಹೊಂಡ್ರಿ."

ಈಗ ಯಾರ ಮಾತನ್ನು ಕತ್ತರಿಸಿದರೂ ಮೊದಲು ಅವರಿಗೇ ತೋರಿಸುತ್ತೇನೆ. ಅವರು ಒಪ್ಪುವವರೆಗೆ ಮೂಲವನ್ನು ಅಳಿಸುವುದಿಲ್ಲ. ಕೆಲವರಿಗೆ ಕಿರಿಕಿರಿಯಾಗುತ್ತದೆ, ಆಗಲಿ. ಇದನ್ನು ಕಲಿತವನು ನಾನು, ಬೆಲೆ ತೆತ್ತವರು ಅಕ್ಕೋರು. ಅವರನ್ನು ಅದೇ ಕಾಲೇಜಿನ ಲೈಬ್ರರಿಗೆ ಹಾಕಿದ್ದಾರೆ. ಗ್ರೀಕ್ ತರಗತಿ ಮತ್ತೆ ಶುರುವಾಗಿಲ್ಲ.