ಬಲ್ಬಿನ ಹಳದಿ, ಕೂಸಿನ ಹಳದಿ

ಅವರ ಬಲಗೈ ಹೆಬ್ಬೆರಳು ಯಾವಾಗಲೂ ಬೆಳ್ಳಗಿರುತ್ತಿತ್ತು. ವಿಭೂತಿಯ ಬಿಳುಪು. ಪೂಜೆ ಮಾಡಿ ಎದ್ದವರ ಬೆರಳು ಮಧ್ಯಾಹ್ನದೊಳಗೆ ಸ್ವಚ್ಛವಾಗುತ್ತದೆ, ಇವರದು ಸಂಜೆಗೂ ಹಾಗೇ. ಏಕೆಂದರೆ ಕ್ಯಾಮೆರಾದ ಚೀಲದಲ್ಲೂ ಒಂದು ವಿಭೂತಿ ಗಟ್ಟಿ ಇರುತ್ತಿತ್ತು. ಸೇಡಂನಲ್ಲಿ ಅವರದೊಂದು ಸಣ್ಣ ಫೋಟೋ ಅಂಗಡಿ. ನಮ್ಮ ಮನೆಯ ಮದುವೆ, ತೊಟ್ಟಿಲು, ಎಲ್ಲಕ್ಕೂ ಅವರೇ. ನಾನು ‘ಫೋಟೋದ ಅಣ್ಣ’ ಎನ್ನುತ್ತಿದ್ದೆ.

ಫೋಟೋ ತೆಗೆಯುವ ಮೊದಲು ಆ ಗಟ್ಟಿಯನ್ನು ಮಂದಿಯ ಮುಖದ ಹತ್ತಿರ ಹಿಡಿದು, ಮೊದಲು ಅದರದೇ ಒಂದು ಫೋಟೋ ತೆಗೆಯುತ್ತಿದ್ದರು.

“ಕ್ಯಾಮೆರಾಕ್ಕೂ ಇಬತ್ತಿ ಹಚ್ತೀರೇನ್ರಿ ಅಣ್ಣಾ?” ಎಂದು ಚಾಷ್ಟಿ ಮಾಡಿದ್ದೆ.

“ಹಚ್ಚಂಗಿಲ್ಲ ಯಕ್ಕಾ, ಬರೇ ತೋರಸ್ತೀನಿ. ಬಲ್ಬಿನ ಬೆಳಕು ಹಳದಿ, ನೆರಳಿನ ಬೆಳಕು ನೀಲಿ. ನಮ್ಮ ಕಣ್ಣು ಹೊಂದಕೊಂಡು ಹೋಗ್ತಾವ. ಕ್ಯಾಮೆರಾಕ್ಕ ಅಷ್ಟು ಶಾಣ್ಯಾತನ ಇಲ್ಲ. ನೋಡಪಾ, ಇದು ಬಿಳಿ, ಅಂತ ಹೇಳ್ಬೇಕು. ಬಿಳಿ ಸರಿ ಆತಂದ್ರ ಉಳದ ಬಣ್ಣ ತಾವೇ ಜಾಗಕ್ಕ ಬಂದು ಕುಂದರ್ತಾವ.”

ಒಮ್ಮೆ ಚಿತ್ತಾಪುರದ ಮದುವೆಯಲ್ಲಿ ಗಡಿಬಿಡಿಗೆ ವಿಭೂತಿ ತೋರಿಸುವುದು ಮರೆತರು. ಹಸಿರು ಶಾಮಿಯಾನದ ಕೆಳಗೆ ಮದುಮಗ ಹಸಿರಾಗಿ ಬಂದ. “ಗಿಳಿಗಿ ಹೆಣ್ಣು ಕೊಟ್ಟೀವೇನ್ರಿ?” ಎಂದು ಹೆಣ್ಣಿನವರು ನಕ್ಕರು. ಅಣ್ಣ ನಗಲಿಲ್ಲ. ಮತ್ತೆಂದೂ ಮರೆಯಲೂ ಇಲ್ಲ.

ನನ್ನ ಮಗಳು ಹೆರಿಗೆಗೆ ಬಂದು ಹೆಣ್ಣುಕೂಸು ಹಡೆದಳು. ಮೊದಲ ಮೊಮ್ಮಗಳು! ನನ್ನ ಹಿಗ್ಗು ಮನೆಯಲ್ಲಿ ಹಿಡಿಸಲಿಲ್ಲ. ಗಾಳಿ ತಾಗಬಾರದೆಂದು ಬಾಣಂತಿ ಕೋಣೆಯ ಕಿಟಕಿಗೆ ಕೌದಿ ಕಟ್ಟಿ, ಒಂದು ಹಳೆಯ ಹಳದಿ ಬಲ್ಬು ಹಚ್ಚಿದ್ದೆವು. ಕೂಸಿನ ಮೈಗೆ ಅರಿಶಿನ ಬೇರೆ. ಬಂಗಾರದ ಹಾಗೆ ಕಾಣುತ್ತಿತ್ತು. ಹಾಲಿಗೂ ಏಳದೆ ಮಲಗಿದರೆ, ಎಂಥ ಶಾಂತ ಕೂಸು ಎಂದು ದೃಷ್ಟಿ ತೆಗೆಯುತ್ತಿದ್ದೆ.

ಐದನೆಯ ದಿನದ ಪೂಜೆಗೆ ಅಣ್ಣ ಬಂದರು. ಕೂಸಿನ ಪಕ್ಕದಲ್ಲಿ ವಿಭೂತಿ ಗಟ್ಟಿ ಹಿಡಿದು ಫೋಟೋ ತೆಗೆದರು. ಏನೋ ತಿರುವಿ ಮತ್ತೆ ತೆಗೆದರು. ಬಹಳ ಹೊತ್ತು ಕ್ಯಾಮೆರಾ ನೋಡುತ್ತ ನಿಂತರು.

“ಯಕ್ಕಾ, ಇಲ್ಲಿ ನೋಡ್ರಿ. ಇಬತ್ತಿ ಬೆಳ್ಳಗ ಬಂದದ. ಹೊಚ್ಚಿದ ದುಪಟಿ ಬೆಳ್ಳಗ ಬಂದದ. ನಿಮ್ಮ ಮಗಳ ಮಾರಿ ಸರಿ ಅದ. ಕೂಸು ಒಂದೇ ಹಳದಿ ಉಳದದ.”

“ಅರಿಶಿನ ಹಚ್ಚೀವಲ್ರಿ ಅಣ್ಣಾ.”

ಅವರು ಬಗ್ಗಿ ಕೂಸಿನ ರೆಪ್ಪೆಯನ್ನು ಮೆಲ್ಲಗೆ ಸರಿಸಿದರು. “ಕಣ್ಣಿಗೂ ಅರಿಶಿನ ಹಚ್ಚೀರೇನ್ರಿ?”

ಕೂಸಿನ ಕಣ್ಣಿನ ಬಿಳಿಯೂ ಹಳದಿಯಾಗಿತ್ತು. ಕೌದಿ ಕಿತ್ತವರು ಅವರು, ಗಾಡಿ ಕರೆದವರು ಅವರು, ಕಲಬುರಗಿ ದವಾಖಾನೆಯ ತನಕ ಮುಂದೆ ಕುಳಿತು ಬಂದವರೂ ಅವರೇ. ಕಾಮಾಲೆ ಬಹಳ ಏರಿದೆ, ಇನ್ನೂ ತಡವಾಗಿದ್ದರೆ ಕಿವಿ ಹೋಗುತ್ತಿತ್ತು, ಜೀವವೂ ಹೋಗಬಹುದಿತ್ತು ಎಂದರು ಡಾಕ್ಟರು. ಕಣ್ಣಿಗೆ ಪಟ್ಟಿ ಕಟ್ಟಿ ಕೂಸನ್ನು ನೀಲಿ ಬೆಳಕಿನಲ್ಲಿ ಮಲಗಿಸಿದರು. ಗಾಜಿನ ಈಚೆ ನಾನೂ ಅಣ್ಣನೂ ನಿಂತಿದ್ದೆವು. ಏನಾದರೂ ಮಾತಾಡಬೇಕೆಂದು, “ಒಂದು ಫೋಟೋ ತೆಗಿರಿ ಅಣ್ಣಾ” ಎಂದೆ.

“ಬ್ಯಾಡ ಯಕ್ಕಾ. ಈ ಬೆಳಕಿನ ಬಣ್ಣ ನಾ ಸರಿ ಮಾಡಬಾರ್ದು. ಅದು ಕೂಸಿನ ಬಣ್ಣ ಸರಿ ಮಾಡ್ಲಿಕತ್ತದ.”

ಈಗ ಆ ಕೂಸು ಶಾಲೆಗೆ ಹೋಗುತ್ತದೆ. ಓಣಿಯ ಕೊನೆಗೆ ಐಸ್‌ಕ್ರೀಮಿನ ಗಂಟೆ ಬಾರಿಸಿದರೆ ಒಳಮನೆಯಿಂದಲೇ ಕೇಳಿಸಿಕೊಂಡು ಓಡುತ್ತಾಳೆ. ಕೂಗಿದರೆ ಮಾತ್ರ ಕೇಳದವಳ ಹಾಗೆ ಕೂರುತ್ತಾಳೆ, ಕಳ್ಳಿ! ಅವಳ ಮಾತು ಬರೆಯುತ್ತ ಕೂತರೆ ಈ ಹಾಳೆ ಸಾಲದು, ನನ್ನ ಅಕ್ಷರವೂ ಸಾಲದು.

ಮೊನ್ನೆ ಅಣ್ಣ ತೀರಿಕೊಂಡರು. ರೂಢಿಯಂತೆ ಅವರನ್ನು ಹೂ ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಗಳು, ಮೊಮ್ಮಗಳ ಜೊತೆ ನಾನು ಎದುರಿಗೆ ಕುಳಿತೆ. ಸುತ್ತ ಎಲ್ಲರೂ ಅಳುತ್ತಿದ್ದರು. ನನಗೆ ಅಳುವೇ ಬರಲಿಲ್ಲ. ಯಾರೋ ನೀರು ಕೊಟ್ಟರು, ಕುಡಿದೆನೋ ಇಲ್ಲವೋ ನೆನಪಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಭಜನೆಯವರು ತಾಳ ಹಾಕಿದರು. ಮೊಮ್ಮಗಳು ಚಟಕ್ಕನೆ ಆ ಕಡೆ ಕತ್ತು ಹೊರಳಿಸಿದಳು. ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತ ಕಿಲಕಿಲ ನಕ್ಕಳು. ಮಂದಿ ತಿರುಗಿ ನೋಡಿದರು. ಮಗಳು ನಾಚಿ, ಅವಳ ಕೈ ಹಿಡಿಯಲು ಹೋದಳು.

ನಾನು ಮಗಳ ಕೈ ಹಿಡಿದೆ.

“ಬಿಡವಾ, ಆಕಿಗಿ ತಾಳ ಕೇಳಸ್ತದ. ಬಾರಿಸ್ಲಿ” ಎಂದೆ.